ಗಟಾರದ ನೀರಿಗೂ ಒಬ್ಬ ಧಣಿ ಇರತಾನ್ರಿ!

ಗಟಾರದ ನೀರಿನ ನೌಕರಿ ಮಾಡುವವನಿಗೆ ಸಿಟ್ಟು ಬರುವ ಪ್ರಸಂಗಗಳಿಗೆ ಎಂದೂ ಬರಗಾಲ ಇಲ್ಲ. ರೋಣದ ಸೀಮೆಯ ಸಣ್ಣ ಊರು ನಮ್ಮದು. ಊರ ಬಚ್ಚಲು, ಪಾಯಖಾನೆ ನೀರೆಲ್ಲ ನಮ್ಮ ಶುದ್ಧೀಕರಣ ಘಟಕಕ್ಕೆ ಬರುತ್ತದೆ. ನಾನು ತಿಳಿ ಮಾಡಿ ಹಳ್ಳಕ್ಕೆ ಬಿಟ್ಟರೆ ಮೆಣಸಗಿ ಕಡೆ ಹೋಗಿ ಮಲಪ್ರಭೆ ಸೇರುತ್ತದೆ. ಅಂದಮೇಲೆ ಹೊಳೆ ಕಾಯುವವನು ನಾನೇ. ಬ್ಯಾರೆ ಯಾರರ ಇದ್ದರೆ ಮುಂದೆ ಬರಲಿ! ನನ್ನ ತಂಗಿಯನ್ನು ಕೊಟ್ಟದ್ದೂ ಮೆಣಸಗಿಗೇ. ನಾನು ತಪ್ಪಿದರೆ ಮೊದಲು ಅವಳ ಎಮ್ಮೆಗಳಿಗೆ ಗೊತ್ತಾಗುತ್ತದೆ, ಆಮೇಲೆ ಅವಳಿಗೆ, ಆಮೇಲೆ ಫೋನಿನಲ್ಲಿ ನನಗೆ.

ಚಾದರ

ನೀರು ಒಳಗೆ ಬರುವ ಬಾಯಿಗೆ ಕಬ್ಬಿಣದ ಜಾಲರಿ ಇದೆ. ಅದರಲ್ಲಿ ನಾನು ಹಿಡಿಯದ ವಸ್ತುವಿಲ್ಲ: ಚಪ್ಪಲಿ, ಗೋಣಿಚೀಲ, ಒಮ್ಮೆ ಎತ್ತಿನ ಕೊರಳಗಂಟೆ. ಎತ್ತು ಸ್ವಲ್ಪದರಲ್ಲಿ ತಪ್ಪಿಸಿಕೊಂಡಿತು.

ಒಂದಿನ ಪ್ಯಾಟಿಯ ಸಾವಕಾರರು ಬಂದು ಎಗರಾಡಿದರು. "ಮೂರ ದಿನ ಆತು, ನಮ್ಮ ಓಣಿ ಗಟಾರ ತುಂಬಿ ನಿಂತೈತಿ. ನೀವೇನ ನಿದ್ದಿ ಹೊಡ್ಯಾಕ ಪಗಾರ ತಗೋತೀರೇನು?"

ಮುಂಜಾನೆಯಷ್ಟೇ ಜಾಲರಿಯಿಂದ ಎಳೆದು ಹಾಕಿದ್ದ ಚಾದರ ತೋರಿಸಿದೆ. "ನೋಡ್ರಿ, ಅಡ್ಡ ಕುಂತದ್ದು ಇದು."

ಸಾವಕಾರರು ಬಗ್ಗಿ ನೋಡಿದರು. ಕಣ್ಣು ಕೆಂಪಗಾಯಿತು. "ಇದು ನಮ್ಮ ಮನೀದು! ಹೇಳದ ಕೇಳದ ನೀವ್ಯಾಕ ಇಟಗೊಂಡೀರಿ?"

ಸ್ವಚ್ಛತೆ

ತಹಶೀಲ್ದಾರರ ಕೈಕೆಳಗೆ ಎಷ್ಟು ಮಂದಿ? ನನ್ನ ಕೈಕೆಳಗೆ ಕೋಟಿಗಟ್ಟಲೆ! ತೊಟ್ಟಿಯ ಕಂದು ಕೆಸರಿನಲ್ಲಿ ಕಣ್ಣಿಗೆ ಕಾಣದ ಹುಳಗಳಿವೆ. ಹೊಲಸು ತಿನ್ನುವುದು ಅವೇ. ಗಾಳಿ ಊದಿ ಊದಿ ಮಕ್ಕಳಂಗ ಸಾಕಿದ್ದೆ.

ಒಮ್ಮೆ ಆ ಗಾಳಿ ಊದುವ ಮಷೀನಿನ ಬೆಲ್ಟು ತರಲು ಗಜೇಂದ್ರಗಡಕ್ಕೆ ಹೋಗಿದ್ದೆ. ಮರುದಿನ ದೊಡ್ಡ ಸಾಹೇಬರ ತಪಾಸಣೆ. ಆಫೀಸಿನ ಗುಮಾಸ್ತ ತೊಟ್ಟಿ ನೋಡಿ "ಶುದ್ಧ ಮಾಡೋ ಜಾಗಾನ ಇಷ್ಟ ಹೊಲಸ ಐತಲ್ಲ!" ಎಂದು ಅಷ್ಟೂ ಕೆಸರು ಖಾಲಿ ಮಾಡಿಸಿ, ಬ್ಲೀಚಿಂಗ್ ಪೌಡರ್ ಹಾಕಿ ತಿಕ್ಕಿಸಿ, ಬೋರಿನ ನೀರು ತುಂಬಿಸಿಬಿಟ್ಟಿದ್ದ. ಸುತ್ತಲೂ ರಂಗೋಲಿ ಬೇರೆ.

ತಿರುಗಿ ಬಂದವನು ತಲೆ ಮೇಲೆ ಕೈಹೊತ್ತು ಒದರಿದೆ: "ಅದರಾಗ ಹುಳ ಇದ್ವಲ್ಲೋ!"

ಅವನು ನಕ್ಕ. "ಹುಳಾನೂ ಇದ್ವೇನ್ರಿ? ಚಲೋ ಆತು ಬಿಡ್ರಿ, ಒಂದೂ ಉಳದಿಲ್ಲ!"

ತಿಳಿನೀರು ನೋಡಿದ ಸಾಹೇಬರು 'ಮಾದರಿ ಘಟಕ' ಎಂದು ಬರೆದು ಹೋದರು.

ಹೆಪ್ಪು

ಹುಳ ಸತ್ತ ಮೇಲೆ ಊರ ಹೊಲಸೆಲ್ಲ ಹಸಿಹಸಿಯೇ ಹಳ್ಳಕ್ಕೆ. ನಾಲ್ಕನೇ ದಿನಕ್ಕೆ ತಂಗಿಯ ಫೋನು. "ಅಣ್ಣಾ, ಎಮ್ಮಿ ಹೊಳಿ ನೀರಿಗೆ ಬಾಯಿ ಹಚ್ಚವಲ್ವು. ನೀ ಅಲ್ಲಿ ಏನ ಮಾಡಾಕತ್ತಿ?"

ಬೇರೆ ಊರಿನ ಘಟಕದಿಂದ ಜೀವಂತ ಕೆಸರು ತಂದು ಹಾಕುವುದೊಂದೇ ದಾರಿ. ಟ್ಯಾಂಕರ್ ತಗೊಂಡು ಹೋದೆ. ಮುಟ್ಟುವಾಗ ಶುಕ್ರವಾರ ಸಂಜೆ. ಅಲ್ಲಿಯ ಮುದುಕ ಆಪರೇಟರ್ ಮಷೀನಿನ ಮುಂದೆ ದೀಪ ಹಚ್ಚುತ್ತಿದ್ದ.

"ಲಗೂ ಒಂದ ಟ್ಯಾಂಕರ್ ಕೆಸರ ಕೊಡ್ರಿ ಯಜಮಾನ್ರ, ಹೆಪ್ಪ ಹಾಕಬೇಕಾಗೇತಿ."

ಹೆಪ್ಪು ಅಂದದ್ದೇ ತಪ್ಪಾಯಿತು. "ಶುಕ್ರವಾರ ದೀಪಾ ಹಚ್ಚಿದ ಮ್ಯಾಲೆ ಹೆಪ್ಪ ಕೊಡಂಗಿಲ್ರಿ. ಲಕ್ಷ್ಮಿ ಬಿಟ್ಟ ಹೊಕ್ಕಾಳ."

"ಇದು ಮೊಸರಲ್ಲೋ ಮಾರಾಯಾ, ಊರ ಮಂದಿ ಪಾಯಖಾನಿ!"

"ನಿಮಗ ಪಾಯಖಾನಿ. ನಮಗ ಹತ್ತ ವರ್ಷ ಅನ್ನ ಹಾಕೇತಿ."

ಟ್ಯಾಂಕರಿನಲ್ಲೇ ಮಲಗಿದೆ. ಮುಂಜಾನೆ ಮುದುಕ ಸ್ನಾನ ಮಾಡಿ ಬಂದು ಪೈಪು ಎತ್ತಿದವನು, ಟ್ಯಾಂಕರ್ ಬಾಯಿ ಮೂಸಿ, ಪೈಪು ಕೆಳಗಿಟ್ಟ.

"ತೊಳದ ತಂದೀರೇನು?"

"ಕೆಸರ ತುಂಬಾಕ ಯಾಕ ತೊಳೀಬೇಕು?"

"ಹೊಲಸ ಪಾತ್ರಿಯೊಳಗ ನಮ್ಮ ಹೆಪ್ಪ ಹಾಕಿದ್ರ ಕೆಡತೈತ್ರಿ!"

ಆ ಹೆಪ್ಪು ತಂದು ಹಾಕಿದ ಕೆಲವೇ ದಿನಕ್ಕೆ ನೀರು ತಿಳಿಯಾಯಿತು, ಎಮ್ಮೆಗಳು ಬಾಯಿ ಹಚ್ಚಿದವು, ಅದು ಖರೇ. ಆದರೆ ನನ್ನ ಸಿಟ್ಟು ಇನ್ನೂ ಇಳಿದಿಲ್ಲ. ಪಾಯಖಾನೆ ಕೆಸರು ತುಂಬಿಕೊಳ್ಳಲಿಕ್ಕೆ ಟ್ಯಾಂಕರನ್ನು ಹುಣಸೆಹಣ್ಣು ಹಚ್ಚಿ ಫಳಫಳ ತಿಕ್ಕಿದವನು ಈ ಭೂಮಿಯ ಮೇಲೆ ನಾನೊಬ್ಬನೇ!