ಇಪ್ಪತ್ತೈದನೆಯ ಬೇಸಿಗೆಯ ಬಿಲ್ಲೆ

ಫೆಬ್ರವರಿಯ ಒಂದು ಭಾನುವಾರ, ಬೆಳಗಿನ ಕಾಫಿ ಆರುವ ಮೊದಲೇ, ರೋಸ್ವಿಟಾ ಯುದ್ಧ ಘೋಷಿಸಿದಳು.

"ಈ ಸಲ ಸಮುದ್ರ."

ಎಂಗೆಲ್ಬರ್ಟ್ ಕ್ನಾಪ್‌ನ ಕೈಯಲ್ಲಿದ್ದ ಅಡಿಕೋಲು ಅಲ್ಲೇ ನಿಂತಿತು. ಗ್ರಾಟ್ಸ್ ನಗರದ ಭೂದಾಖಲೆಗಳ ಕಚೇರಿಯಲ್ಲಿ ಇಪ್ಪತ್ತೇಳು ವರ್ಷ ಗುಮಾಸ್ತಿಕೆ ಮಾಡಿದ ಆತ, ಜುಲೈ ತಿಂಗಳ ಹದಿನಾಲ್ಕು ದಿನಗಳ ವಿಹಾರಕ್ಕೆ ಮೂರು ಬಣ್ಣದ ಶಾಯಿಯಲ್ಲಿ ಪಟ್ಟಿ ಬರೆಯುತ್ತಿದ್ದ. ಯಾವ ದಿನ ಯಾವ ಶಿಖರ, ಯಾವ ಶಿಖರದಲ್ಲಿ ಯಾವ ಸೂಪು ಎಂಬುದೆಲ್ಲ ಅದರಲ್ಲಿತ್ತು. ಊರಿನ ಹೆಸರೊಂದೇ ಇರಲಿಲ್ಲ. ಇರಬೇಕಾದ ಅಗತ್ಯವೂ ಇರಲಿಲ್ಲ. ಇಪ್ಪತ್ತನಾಲ್ಕು ಬೇಸಿಗೆಗಳಿಂದ ಅದೇ ಟಿರೋಲ್ ಬೆಟ್ಟಸೀಮೆ, ಅದೇ ಸಾಂಕ್ಟ್ ವೆಂಡೆಲ್, ಅದೇ ನೋಟ್‌ಬುರ್ಗಾಳ ಮನೆ, ಅದೇ ಮಹಡಿಯ ಕೋಣೆ.

"ಸಮುದ್ರದಲ್ಲಿ ಏನಿದೆ?" ಎಂದ.

"ನೀರಿದೆ."

"ಸಾಂಕ್ಟ್ ವೆಂಡೆಲ್‌ನಲ್ಲೂ ಇದೆ. ಹೋದ ವರ್ಷ ಹದಿನಾಲ್ಕು ದಿನದಲ್ಲಿ ಹನ್ನೊಂದು ದಿನ ಇತ್ತು. ಡೈರಿಯಲ್ಲಿ ಬರ್ದಿದೀನಿ."

"ಅದು ತಲೆ ಮೇಲೆ ಬೀಳೋ ನೀರು. ನಂಗೆ ಕಾಲಡಿಗೆ ಬರೋ ನೀರು ಬೇಕು. ಮದುವೆ ಆದಾಗಿಂದ ನಿನ್ನ ಬೆನ್ನು ನೋಡ್ಕೊಂಡೇ ಗುಡ್ಡ ಹತ್ತಿದೀನಿ ಎಂಗೆಲ್ಬರ್ಟ್. ಆ ಬೆನ್ನಿನ ಮೇಲೆ ಬೆವರು ಎಲ್ಲೆಲ್ಲಿ ಇಳಿಯತ್ತೆ ಅಂತ ನಕ್ಷೆ ಬಿಡಿಸಿಕೊಡಲಾ, ನಿಮ್ಮ ಕಚೇರಿಗೆ?"

ಎಂಗೆಲ್ಬರ್ಟ್ ಅಡಿಕೋಲನ್ನು ಕೆಳಗಿಟ್ಟ. ಧ್ವನಿ ತಗ್ಗಿಸಿದ. "ರೋಸಿ, ಇದು ಇಪ್ಪತ್ತೈದನೇದು."

ಸಾಂಕ್ಟ್ ವೆಂಡೆಲ್‌ನಂಥ ಊರುಗಳು ತಮ್ಮಲ್ಲಿಗೆ ಮರಳಿ ಮರಳಿ ಬರುವ ಅತಿಥಿಗಳನ್ನು ಬರಿಗೈಯಲ್ಲಿ ಕಳಿಸುವುದಿಲ್ಲ. ಹತ್ತು ಬೇಸಿಗೆ ಬಂದವರಿಗೆ ಕಂಚಿನ ಬಿಲ್ಲೆ, ಹದಿನೈದಕ್ಕೆ ಬೆಳ್ಳಿಯದು. ಇಪ್ಪತ್ತೈದು ತುಂಬಿದವರಿಗೆ ಊರ ನಡುವಿನ ಚೌಕದಲ್ಲಿ, ವಾದ್ಯಮೇಳದ ಸಮ್ಮುಖದಲ್ಲಿ, ಮೇಯರನ ಹಸ್ತದಿಂದ ಚಿನ್ನದ ಬಿಲ್ಲೆ. (ಚಿನ್ನವೆಂದರೆ ಚಿನ್ನದ ನೀರನ್ನು ದೂರದಿಂದ ಕಂಡ ತಗಡು. ಆದರೆ ಎಂಗೆಲ್ಬರ್ಟ್‌ನ ಮೇಲಧಿಕಾರಿ ಅಂಥದೊಂದನ್ನು ಕೋಟಿಗೆ ಚುಚ್ಚಿಕೊಂಡೇ ಒಂಬತ್ತು ವರ್ಷಗಳಿಂದ ಕಚೇರಿಗೆ ಬರುತ್ತಿದ್ದ.) ಮೇಳದವರು ತನಗಾಗಿ ಎದ್ದು ನಿಂತು ಊದುವ ಆ ಗಳಿಗೆಯನ್ನು ಎಂಗೆಲ್ಬರ್ಟ್ ಎಷ್ಟು ಸಲ ಕನಸು ಕಂಡಿದ್ದನೆಂಬುದು ಮಾತ್ರ ಅವನ ಡೈರಿಯಲ್ಲಿ ದಾಖಲಾಗಿರಲಿಲ್ಲ.

"ಇಪ್ಪತ್ತೈದು ಹೇಗಾಗತ್ತೆ?" ಎಂದಳು ರೋಸ್ವಿಟಾ. "ಆ ಪಿತ್ತಕೋಶದ ವರ್ಷ?"

"ಕೋಣೆ ನನ್ನ ಹೆಸರಲ್ಲೇ ಇತ್ತು."

"ನೀನು ಆಸ್ಪತ್ರೆಯಲ್ಲಿದ್ದೆ. ಕೋಣೆಯಲ್ಲಿ ಇದ್ದಿದ್ದು ನಾನು, ನನ್ನ ತಂಗಿ ಗೆರ್ಲಿಂಡಾ."

"ನನ್ನ ಮನಸ್ಸು ಅಲ್ಲೇ ಇತ್ತು."

"ಮನಸ್ಸಿಗೆ ಬಿಲ್ಲೆ ಎಲ್ಲಿಗೆ ಚುಚ್ತಾರೆ?"

ಮಧ್ಯಾಹ್ನದ ಊಟದ ಹೊತ್ತಿಗೆ ಸಂಧಿಯಾಯಿತು. ಈ ವರ್ಷ ಬೆಟ್ಟ, ಮುಂದಿನ ವರ್ಷ ಸಮುದ್ರ, ಆಕ್ಷೇಪಣೆಗೆ ಅವಕಾಶವಿಲ್ಲ. ಎಂಗೆಲ್ಬರ್ಟ್ ಅದನ್ನು ಎರಡು ಪ್ರತಿಗಳಲ್ಲಿ ಬರೆದು ಸಹಿ ಹಾಕಿದ. ತನ್ನ ಪ್ರತಿಯನ್ನು ರೋಸ್ವಿಟಾ ಉಪ್ಪಿನ ಡಬ್ಬಿಯ ಹಿಂದೆ ಆನಿಸಿಟ್ಟಳು.

ಮನ್ನಣೆಯ ಅರ್ಜಿಗೆ ಮನೆಯೊಡತಿ ನೋಟ್‌ಬುರ್ಗಾಳ ಮಾತೊಂದು ಸಾಕಿತ್ತು. ಅವಳೂ ಫೋನಿನಲ್ಲಿ, "ಇಪ್ಪತ್ತೈದು ಅಂತ ಬರೀತೀನಿ ಬಿಡು, ಯಾರು ಎಣಿಸ್ತಾರೆ?" ಎಂದಿದ್ದಳು. ಅಲ್ಲಿಗೆ ಮುಗಿಯಬೇಕಾಗಿದ್ದ ಕೆಲಸ. ಆದರೆ ದಾಖಲೆಯಿಲ್ಲದ ಅರ್ಜಿಯೆಂದರೆ ಎಂಗೆಲ್ಬರ್ಟ್‌ನ ಪಾಲಿಗೆ ಷರಾಯಿಯಿಲ್ಲದ ಮನುಷ್ಯನಿದ್ದಂತೆ. ಆತ ಇಪ್ಪತ್ತನಾಲ್ಕು ಡೈರಿಗಳನ್ನು ಅಟ್ಟದಿಂದ ಇಳಿಸಿ, ವರ್ಷವಾರು ವಿವರಗಳ ಏಳು ಪುಟದ ಲಗತ್ತನ್ನು ಸಿದ್ಧಪಡಿಸಿದ. ಎರಡು ಸಾವಿರದ ಹನ್ನೊಂದನೆಯ ಇಸವಿಗೆ ಬಂದಾಗ ಬೆರಳುಗಳು ಕ್ಷಣಕಾಲ ಅಳುಕಿದವು. ದಾಖಲೆಯಿಂದ ಒಂದು ಸಾಲನ್ನು ಕೈಬಿಡುವುದು ಆ ಬೆರಳುಗಳಿಗೆ ಗೊತ್ತಿರಲಿಲ್ಲ. ಇದ್ದುದನ್ನು ಇದ್ದಂತೆಯೇ ನಕಲು ಮಾಡಿದವು. ಅಷ್ಟಕ್ಕೂ ಸರ್ಕಾರಿ ಸೇವೆಯಲ್ಲಿ ಅವನು ಕಲಿತ ಪರಮಸತ್ಯವೊಂದಿತ್ತು: ಅರ್ಜಿಯನ್ನು ಓದುವವರು ಅಲ್ಲೊಬ್ಬರು ಇಲ್ಲೊಬ್ಬರು ಉಂಟು, ಲಗತ್ತನ್ನು ಓದುವ ನರಮನುಷ್ಯ ಇನ್ನೂ ಹುಟ್ಟಿಲ್ಲ.

ಹುಟ್ಟಿದ್ದ. ಅವನ ಹೆಸರು ಕೊರ್ಬಿನಿಯಾನ್. ಸಾಂಕ್ಟ್ ವೆಂಡೆಲ್‌ನ ಮೇಯರ್, ಮೇಳದಲ್ಲಿ ದೊಡ್ಡ ತುತ್ತೂರಿ ಊದುವವನೂ ಅವನೇ.

ಜುಲೈನ ಎರಡನೆಯ ಶನಿವಾರ ಚೌಕದಲ್ಲಿ ಬೆಂಚುಗಳು ತುಂಬಿದ್ದವು. ಎಂಗೆಲ್ಬರ್ಟ್ ಇಸ್ತ್ರಿ ಮಾಡಿದ ದಪ್ಪ ಉಣ್ಣೆಯ ಲೋಡನ್ ಕೋಟು ತೊಟ್ಟು, ಬಿಲ್ಲೆ ಬರಬೇಕಾದ ಜಾಗವನ್ನು ಎರಡು ಸಲ ಬೆರಳಿನಿಂದ ಒರೆಸಿಕೊಂಡು ಹೆಂಡತಿಯ ಜೊತೆ ಸಾಲಿನಲ್ಲಿ ನಿಂತ. ಮೇಯರ್ ಕೆಂಪು ವೇಸ್ಟ್‌ಕೋಟಿನಲ್ಲಿ ವೇದಿಕೆಯೇರಿದ. (ಸಾಂಕ್ಟ್ ವೆಂಡೆಲ್ ಇರುವುದು ಸಾವಿರದ ಇನ್ನೂರು ಮೀಟರ್ ಎತ್ತರದಲ್ಲಿ. ಸಾವಿರ ದಾಟಿದ ಮೇಲೆ ಅಲ್ಲಿ ಯಾರಿಗೂ ಬಹುವಚನವಿಲ್ಲ, ಮಂತ್ರಿಗೂ ಇಲ್ಲ.)

"ಎಂಗೆಲ್ಬರ್ಟ್, ಬಾರಯ್ಯ ಮೇಲೆ! ನಾನು ಮೇಯರ್ ಆಗಿ ಹದಿನೆಂಟು ವರ್ಷ ಆಯ್ತು, ಇಂಥಾ ಅತಿಥೀನ ನೋಡಿಲ್ಲ. ಇವನು ನಮ್ಮೂರ ಚರಿತ್ರೆ ಬರ್ದಿದಾನೆ, ಏಳು ಪುಟ! ಹೋದ ವಾರ ಅಷ್ಟೂ ಓದ್ದೆ. ನನ್ನ ಹೆಂಡತಿಗೂ ಓದಿ ಹೇಳ್ದೆ. ಈಗ ನೀವೂ ಕೇಳ್ರಿ."

ಎಂಗೆಲ್ಬರ್ಟ್‌ನ ಲೋಡನ್ ಕೋಟಿನೊಳಗೆ ಬೆವರು ಇಳಿಯಲಾರಂಭಿಸಿತು.

ಮೇಯರ್ ಓದಿದ. ಮೊದಲ ವರ್ಷ ನೋಟ್‌ಬುರ್ಗಾಳ ಮನೆಯ ಹುಂಜ ನಸುಕಿನ ನಾಲ್ಕು ಹತ್ತಕ್ಕೆ ಕೂಗಿದ್ದು, ಎರಡನೆಯ ವರ್ಷ ಆ ಹುಂಜ ಸೂಪಿನಲ್ಲಿ ಪುನರ್ದರ್ಶನವಿತ್ತದ್ದು. ಜನ ಬಿದ್ದು ಬಿದ್ದು ನಕ್ಕರು. ಎಂಟು, ಒಂಬತ್ತು, ಹತ್ತು... ಎಂಗೆಲ್ಬರ್ಟ್ ಹೆಂಡತಿಯ ಕಡೆ ನೋಡಿದ. ಅವಳು ಗಂಟೆಗೋಪುರದ ಕಡೆ ನೋಡಿದಳು.

"ಎರಡು ಸಾವಿರದ ಹನ್ನೊಂದು. 'ಪಿತ್ತಕೋಶದ ಶಸ್ತ್ರಚಿಕಿತ್ಸೆ, ಗ್ರಾಟ್ಸ್, ನಾಲ್ಕನೇ ವಾರ್ಡು. ಗಂಜಿ ಸಪ್ಪೆ. ಸಾಂಕ್ಟ್ ವೆಂಡೆಲ್‌ನಲ್ಲಿ ಒಳ್ಳೆ ಬಿಸಿಲು ಎಂದು ರೋಸಿಯ ಫೋನು.'" ಮೇಯರ್ ಕನ್ನಡಕವನ್ನು ಹಣೆಗೇರಿಸಿದ. "ಇಲ್ಲಿಗೆ ಬಂದಾಗಲೆಲ್ಲ ನಾನು ನಿಲ್ಲಿಸಿ ನಿಲ್ಲಿಸಿ ಓದಿದೀನಿ. ಎಂಥಾ ಸತ್ಯವಂತ ನೋಡ್ರಿ! ಮುಚ್ಚಿಡಬೋದಿತ್ತು, ಮುಚ್ಚಿಡಲಿಲ್ಲ. ಇಪ್ಪತ್ತನಾಲ್ಕೇ ಆಗಿರೋದು ಅಂತ ತಾನೇ ಬರೆದುಕೊಟ್ಟಿದಾನೆ. ಇವನಿಗೆ ಚಪ್ಪಾಳೆ! ಬಿಲ್ಲೆ ಅವನ ಹೆಂಡತಿಗೆ!"

ಮೇಳದವರು ಎದ್ದು ನಿಂತು ಊದಿದರು. ಬಿಲ್ಲೆ ರೋಸ್ವಿಟಾಳ ಎದೆಯನ್ನು ಅಲಂಕರಿಸಿತು. ಜೊತೆಗೆ ಕೊಟ್ಟ ಹೊಗೆಯಾಡಿಸಿದ ಹಂದಿತೊಡೆಯನ್ನು ಹೊರುವ ಗೌರವವಷ್ಟೇ ಸತ್ಯವಂತನ ಪಾಲಿಗೆ ಬಂತು.

"ಮುಂದಿನ ವರ್ಷ ಬಂದುಬಿಡು, ನಿಂದು ಎತ್ತಿಟ್ಟಿರ್ತೀನಿ," ಎಂದು ಮೇಯರ್ ಬೆನ್ನು ತಟ್ಟಿದ.

ಚೌಕದಿಂದ ಮನೆಯತ್ತ ಏರುವ ದಾರಿಯಲ್ಲಿ ಎಂಗೆಲ್ಬರ್ಟ್ ಮೂರು ಸಲ ಗಂಟಲು ಸರಿಮಾಡಿಕೊಂಡ. "ರೋಸಿ... ಮುಂದಿನ ವರ್ಷ..."

"ಸಮುದ್ರ. ಎರಡು ಪ್ರತಿ ಇದೆ, ನಿನ್ನ ಸಹಿ ಇದೆ."

"ಒಂದೇ ಒಂದು ಬೇಸಿಗೆ ಮಾತ್ರ..."

"ಬಾರಪ್ಪ, ಬೇಡ ಅಂದವರ್ಯಾರು? ನೀನು ಇಲ್ಲಿಗೆ ಬಾ. ನಾನು ಗೆರ್ಲಿಂಡಾ ಜೊತೆ ಗ್ರಾಡೊ ಕಡಲಿಗೆ ಹೋಗ್ತೀನಿ. ನನ್ನ ಮನಸ್ಸು ಇಲ್ಲೇ ಇರತ್ತೆ."

ಮರುವರ್ಷ ಎಂಗೆಲ್ಬರ್ಟ್ ಒಬ್ಬನೇ ಬಂದ. ಒಂಟಿಗನಿಗೆ ಮಹಡಿಯ ದೊಡ್ಡ ಕೋಣೆಯನ್ನು ಜುಲೈನಲ್ಲಿ ಯಾರು ಕೊಡುತ್ತಾರೆ? ದನದ ಕೊಟ್ಟಿಗೆಯ ಮೇಲಿನ ಗೂಡು ಸಿಕ್ಕಿತು. ಒಂಬತ್ತು ದಿನ ಮಳೆ, ಹಗಲಿರುಳು ದನಗಳ ಕೊರಳಗಂಟೆಯ ನಾದ. ಎರಡನೆಯ ಶನಿವಾರ ಅದೇ ಲೋಡನ್ ಕೋಟು ತೊಟ್ಟು ಚೌಕಕ್ಕೆ ಹೋದರೆ ಅಲ್ಲಿ ಬೆಂಚುಗಳಿರಲಿಲ್ಲ. ಪ್ರವಾಸಿ ಕಚೇರಿಯ ಕಿಟಕಿಯಲ್ಲಿ ಒಬ್ಬ ಹೆಂಗಸು ಕುಳಿತು ಸ್ವೆಟರ್ ಹೆಣೆಯುತ್ತಿದ್ದಳು.

"ಕ್ನಾಪ್? ತಗೋ ನಿನ್ನ ಬಿಲ್ಲೆ. ಇಲ್ಲೊಂದು ಸಹಿ ಹಾಕು."

"ವಾದ್ಯಮೇಳ?"

"ಪ್ರವಾಸ ಹೋಗಿದೆ, ಮೇಯರ್ ಸಮೇತ. ಬರೋರ ಮುಂದೆಲ್ಲ ಊದಿ ಊದಿ ಅವರಿಗೂ ಸಾಕಾಗಲ್ವಾ?"

ಎಂಗೆಲ್ಬರ್ಟ್ ಬಿಲ್ಲೆಯನ್ನು ತಾನೇ ಚುಚ್ಚಿಕೊಂಡ. ಚೂರು ಓರೆಯಾಯಿತು.

ಬುಧವಾರ ಮಧ್ಯಾಹ್ನ ಸೂಪಿನ ತಟ್ಟೆಯ ಪಕ್ಕಕ್ಕೆ ನೋಟ್‌ಬುರ್ಗಾ ಒಂದು ಚಿತ್ರದ ಪೋಸ್ಟ್‌ಕಾರ್ಡನ್ನು ತಂದಿಟ್ಟಳು. "ನಿನ್ನ ಹೆಂಡತೀದು. ನಾನೇನೂ ಓದಿಲ್ಲಪ್ಪ. ಆದ್ರೆ ಪಾಪ, ಬಿಸಿಲಿಗೆ ನಮ್ಮ ಮೇಯರನ ಮೂಗು ಸುಲಿದುಹೋಗಿದೆಯಂತೆ."

ಎಂಗೆಲ್ಬರ್ಟ್ ಕನ್ನಡಕ ಹಾಕಿಕೊಂಡ.

'ಶನಿವಾರ ಸಂಜೆ ಇಲ್ಲಿಯ ಕಡಲ ದಂಡೆಯಲ್ಲಿ ಸಾಂಕ್ಟ್ ವೆಂಡೆಲ್‌ನ ವಾದ್ಯಮೇಳ! ನನ್ನ ಟೋಪಿಯ ಮೇಲಿನ ಬಿಲ್ಲೆಯಿಂದ ಮೇಯರ್ ಗುರುತು ಹಿಡಿದ. ಪಾಪ, ಅವನ ಮೂಗು ಬಿಸಿಲಿಗೆ ಸುಲಿದುಹೋಗಿದೆ. ನಿನಗೆ ಇವತ್ತು ಇಪ್ಪತ್ತೈದು ಬೇಸಿಗೆ ತುಂಬಿತು ಅಂತ ಅವನಿಗೆ ಹೇಳಿದೆ. ಮೇಳದವರೆಲ್ಲ ಎದ್ದು ನಿಂತು ನಿನ್ನ ಹೆಸರಿನಲ್ಲಿ ಊದಿದರು. ಸಮುದ್ರದಲ್ಲಿದ್ದ ಜನವೂ ನಿಂತು ಚಪ್ಪಾಳೆ ಹೊಡೆಯಿತು, ಸೊಂಟದವರೆಗೆ ನೀರಿನಲ್ಲೇ. ನೀನಿರಬೇಕಿತ್ತು.'

ಆತ ಪತ್ರವನ್ನು ಮಗುಚಿಟ್ಟ. ಕೆಳಗೆ ಕೊಟ್ಟಿಗೆಯಲ್ಲಿ ಗಂಟೆಗಳು ಅಲುಗಿದವು.

ನೋಟ್‌ಬುರ್ಗಾ ಅವನ ಕೋಟಿನ ಮೇಲಿನ ಬಿಲ್ಲೆಯನ್ನು ನೋಡಿದಳು, ಒದ್ದೆ ಕೈಗಳನ್ನು ಏಪ್ರನ್ನಿಗೆ ಒರೆಸಿಕೊಂಡಳು.

"ಸೂಪು ಆರ್ತಾ ಇದೆ, ಕುಡಿ," ಎಂದಳು. "ಬೇಕಾದ್ರೆ ಚಪ್ಪಾಳೆ ನಾನು ಹೊಡೀತೀನಿ."