ರೋಮಿಗೆ ಹೋದ ನಮ್ಮ ಬಿಲ್ಡಿಂಗ್

ಮುಂಬಯಿಯವರನ್ನು ಪರದೇಶದ ಯಾವ ಅರಮನೆಯ ಮುಂದೆ ನಿಲ್ಲಿಸಿದರೂ ಅವರಿಗೆ ಮೊದಲು ಕಾಣುವುದು ತಮ್ಮ ಮನೆಯೇ. ಎಪ್ಪತ್ತರ ದಶಕದಲ್ಲಿ ನಾನು ಫೋರ್ಟ್ ಬಡಾವಣೆಯ ಒಂದು ಟ್ರಾವೆಲ್ ಆಫೀಸಿನಲ್ಲಿ ಗೈಡಮ್ಮನಾಗಿದ್ದೆ, ಜನರನ್ನು ಯುರೋಪಿಗೆ ಟೂರು ಕರೆದೊಯ್ಯುತ್ತಿದ್ದೆ. ಪ್ರತಿ ಸಲವೂ ಇಂಥದ್ದೊಂದು ಆಗಿಯೇ ಆಗುತ್ತಿತ್ತು. ಆದರೆ ವಿಲೆ ಪಾರ್ಲೆಯ ನಮ್ಮ ಬಿಲ್ಡಿಂಗಿನವರೇ ಜೊತೆಗೆ ಬಂದ ವರ್ಷ ಆದಷ್ಟು ಇನ್ನೆಂದೂ ಆಗಲಿಲ್ಲ.

೧. ಹೆಸರು ಕೊಟ್ಟದ್ದು

ನಮ್ಮ ಮೇಲಿನ ಮಹಡಿಯಲ್ಲಿ, ಎಲ್ಲರೂ ಆಪಾ, ಅಂದರೆ ಅಕ್ಕ, ಎಂದೇ ಕರೆಯುತ್ತಿದ್ದ ಒಬ್ಬರು ಇದ್ದರು. ಬಿಜಾಪುರದ ಕಡೆಯವರು, ಸ್ಟೇಷನ್ ಹತ್ತಿರ ಅವರದೇ ಹೊಲಿಗೆ ಅಂಗಡಿ. ಟೆರೇಸಿನಲ್ಲಿ ಬಿದ್ದ ಮಳೆಯಲ್ಲಿ ಅರ್ಧ ಅವರ ಹಾಸಿಗೆಗೇ ಇಳಿಯುತ್ತಿತ್ತು. ಬಿಲ್ಡಿಂಗಿನ ಹೌಸಿಂಗ್ ಸೊಸೈಟಿಯ ಸೆಕ್ರೆಟರಿ ಕೆಳಗಿನ ಮಹಡಿಯವರು. ಉಡುಪಿ ಕಡೆಯ ಈ ರಿಟೈರ್ಡ್ ಬ್ಯಾಂಕ್ ಅಧಿಕಾರಿಯ ಮಾತಿಗೆ ಮನೆಯಲ್ಲಿ ಬೆಲೆ ಕಡಿಮೆ. ಅವರು ಹೇಳಿದ್ದನ್ನು ಎದುರಾಡದೆ ಇಟ್ಟುಕೊಳ್ಳುತ್ತಿದ್ದುದು ಸೊಸೈಟಿಯ ನೋಟಿಸ್ ಬೋರ್ಡ್ ಒಂದೇ. ಆ ಹುದ್ದೆ ಹೋದರೆ ಅವರಿಗೆ ಬದುಕಿನಲ್ಲಿ ಬೇರೆ ಏನೂ ಉಳಿಯುವಂತಿರಲಿಲ್ಲ.

“ಮಾಳಿಗಿ ರಿಪೇರಿ ಮಾಡಸ್ಲಿಲ್ಲಂದ್ರ ಈ ಸಲ ಜೂನ್ ಮೀಟಿಂಗ್‌ನ್ಯಾಗ ನಿಮ್ಮನ್ನ ತಗದ ಬಿಡ್ತೀವ್ರಿ,” ಎಂದು ಆಪಾ ಮೆಟ್ಟಿಲಲ್ಲೇ ನಿಂತು ಸಾರಿದ್ದರು.

ಮೇ ತಿಂಗಳ ರೋಮ್ ಟೂರಿಗೆ ಆಪಾ ಹೆಸರು ಕೊಟ್ಟರು. ಮರುದಿನವೇ ಸೆಕ್ರೆಟರಿ ಹೆಂಡತಿಯೊಂದಿಗೆ ನಮ್ಮ ಬಾಗಿಲಲ್ಲಿ ಹಾಜರು.

“ನಿಮಗೂ ರೋಮ್ ನೋಡುವ ಆಸೆಯೇ?” ಎಂದೆ.

“ರೋಮ್ ಎಲ್ಲಿಗೂ ಹೋಗುವುದಿಲ್ಲ ಮಾರಾಯ್ರೆ. ನಮ್ಮ ಬಿಲ್ಡಿಂಗಿನವರು ಆರು ಜನ ಬರ್ತಾರಂತೆ. ಅಷ್ಟು ದಿನ ಅವರನ್ನು ಆಪಾ ಕೈಗೆ ಬಿಟ್ಟರೆ ನನ್ನ ಗತಿ ಎಂತ?”

೨. ಟೇಕಿಲ್ಲದ ಗೋಡೆ

ರೋಮಿನ ಪುರಾತನ ಕ್ರೀಡಾಂಗಣ ಕೊಲೊಸಿಯಂ ಎದುರು ಬಸ್ಸಿಳಿದವರ ಕಣ್ಣೆಲ್ಲ ಮೇಲಕ್ಕೇರಿತು. ನಾನು ಅದನ್ನು ಎಷ್ಟು ಸಲ ನೋಡಿದ್ದೆನೋ, ಆದರೂ ಕಮಾನಿನ ಮೇಲೆ ಕಮಾನು ಏರುತ್ತ ಹೋಗಿ, ಕೊನೆಯ ಸಾಲಿನಲ್ಲಿ ಆಕಾಶವೇ ಕಿಟಕಿಯೊಳಗೆ ಬಂದು ಕೂತದ್ದನ್ನು ಕಂಡರೆ ಪ್ರತಿ ಸಲವೂ ನೋಡುತ್ತ ನಿಂತುಬಿಡುತ್ತಿದ್ದೆ. ಅರ್ಧ ಬಿದ್ದಿದೆ, ಉಳಿದರ್ಧ ಬಿದ್ದದ್ದರ ಕಡೆ ನೋಡದೆ ನಿಂತಿದೆ.

ಸೆಕ್ರೆಟರಿ ಸುತ್ತ ಒಂದು ಪ್ರದಕ್ಷಿಣೆ ಹಾಕಿ ಬಂದರು. ಮುಂಬಯಿಯ ಹಳೆಯ ಚಾಳುಗಳಿಗೆ ಮರದ ತೊಲೆಗಳ ಟೇಕು ಕೊಟ್ಟು ನಿಲ್ಲಿಸಿದ್ದನ್ನು ನೋಡಿ ಬೆಳೆದ ಕಣ್ಣು ಅವರದು.

“ಒಂದೇ ಒಂದು ಟೇಕು ಇಲ್ಲ!” ಎಂದರು ಪಿಸುಮಾತಿನಲ್ಲಿ. “ಮುನಿಸಿಪಾಲಿಟಿಯವರು ನೋಟಿಸ್ ಕೊಟ್ಟಿಲ್ಲವಾ?”

ಆಪಾ ಕತ್ತೆತ್ತಿ ನೋಡುತ್ತಲೇ ಹೇಳಿದರು: “ಕೊಟ್ಟಿರ್ತಾರ್ರೀ. ಇಲ್ಲಿ ಸೆಕ್ರೆಟರಿನೂ ನಿಮ್ಮಂಗ ಅದನ್ನ ಬೋರ್ಡಿಗೆ ಹಚ್ಚಿ ಮಲಗ್ಯಾನ.”

೩. ಮೂಕ ಗುಮ್ಮಟ

ಸೇಂಟ್ ಪೀಟರ್ಸ್ ಚರ್ಚಿನ ಬಾಗಿಲಲ್ಲಿ ತಡೆದದ್ದು ನನ್ನನ್ನೇ. ತಲೆತುಂಬ ಸೆರಗು ಹೊದ್ದ ಆಪಾಗೆ ಕಾವಲಿನವನು ತಲೆಬಾಗಿ ದಾರಿ ಬಿಟ್ಟ, ನನ್ನ ಸ್ಲೀವ್‌ಲೆಸ್ ರವಿಕೆ ನೋಡಿ ಕೈ ಅಡ್ಡ ಹಿಡಿದ. ಆಪಾ ವಾಪಸು ಬಂದು ತಮ್ಮ ಶಾಲು ಹೊದಿಸಿದರು. “ಹತ್ತು ದೇಶ ತಿರಗೀರಿ, ತೋಳು ಹೊಲಿಸಾಕ ಟೈಮ್ ಸಿಗಲಿಲ್ಲೇನು?”

ಒಳಗೆ ಗುಮ್ಮಟದ ಕೆಳಗೆ ನಿಂತೆವು. ಮೇಲಿಂದ ಬೆಳಕು ಕೋಲುಕೋಲಾಗಿ ಇಳಿಯುತ್ತಿತ್ತು. ಅಲ್ಲಿ ಮೇಲೆ, ಗುಮ್ಮಟದೊಳಗಿನ ಕಟಾಂಜನದ ಕಂಬಿಗಳ ಹಿಂದೆ ನಡೆಯುತ್ತಿದ್ದ ಜನ ಇರುವೆಗಳಿಗಿಂತ ಸಣ್ಣಗೆ ಕಂಡರು. ಸೆಕ್ರೆಟರಿ ಕೈಮುಗಿದರು. ಆಗಲೇ ಪಕ್ಕದಿಂದ, ಹೊಟ್ಟೆಯಾಳದಿಂದ ಎದ್ದು ಬಂತು:

“ಓ...!”

ಆಪಾ! ಗೋಲಗುಮ್ಮಟದ ಊರಿನವರಿಗೆ ಗುಮ್ಮಟ ಇರುವುದೇ ಕೂಗಿ ನೋಡಲಿಕ್ಕೆ. ಪ್ರಾರ್ಥನೆಗೆ ಕೂತವರೆಲ್ಲ ತಿರುಗಿದರು. ಕಾವಲಿನವರಿಬ್ಬರು ಓಡಿ ಬಂದರು. ಆಪಾ ಮಾತ್ರ ಕಿವಿಗೆ ಕೈ ಹಚ್ಚಿ ಮಾರುದನಿಗೆ ಕಾಯುತ್ತಿದ್ದರು. ಕೊನೆಗೆ ಕೈ ಇಳಿಸಿ ಆ ಕಾವಲಿನವರ ಕಡೆ ತುಂಬ ಮರುಕದಿಂದ ನೋಡಿ ಅಂದರು:

“ಎಷ್ಟ ಚಂದ ಕಟ್ಯಾರ, ಎಲ್ಲೂ ನೀರು ಸೋರಿದ ಕಲಿ ಇಲ್ಲ. ಪಾಪ, ಮೂಕ ಐತಿ.”

೪. ಮಾಳಿಗೆಯ ಕಣ್ಣು

ಅಷ್ಟು ಹೊತ್ತಿಗೆ ನಮ್ಮ ಬಿಲ್ಡಿಂಗಿನ ಆ ಆರು ಜನರೂ ಆಪಾ ಪಕ್ಷವಾಗಿದ್ದರು. ಕಂಡ ಕಂಡ ಮಾಳಿಗೆಗೆಲ್ಲ ಬೆರಳು ತೋರಿಸಿ, “ನೋಡ್ರಿ ಸೆಕ್ರೆಟರಿ ಸಾಹೇಬ್ರ, ಹನಿ ಸೋರಿಲ್ಲ,” ಎಂದು ಆಪಾ ಹೇಳುವುದು, ಉಳಿದವರು ನಗುವುದು. ಸೆಕ್ರೆಟರಿ ಊಟ ಕಡಿಮೆ ಮಾಡಿದರು.

ಕೊನೆಯ ದಿನ ಪ್ಯಾಂಥಿಯಾನ್, ರೋಮನ್ನರ ಹಳೆಯ ದೇಗುಲ. ಒಳಗೆ ಕಾಲಿಟ್ಟದ್ದೇ ತಡ, ಹೊರಗೆ ಗುಡುಗು. ಆ ಮಹಾ ಗುಮ್ಮಟದ ನೆತ್ತಿಯಲ್ಲಿ ಆಕಾಶಕ್ಕೆ ತೆರೆದ ಒಂದು ದುಂಡನೆಯ ಕಿಂಡಿಯಿದೆ. ಮುಚ್ಚಳವಿಲ್ಲ, ಗಾಜಿಲ್ಲ, ಮೊದಲಿನಿಂದಲೂ ಹಾಗೆಯೇ. ಅದರೊಳಗಿಂದ ಮಳೆ ಇಳಿಯಿತು. ಸುತ್ತಲೂ ಕತ್ತಲು, ನಟ್ಟನಡುವೆ ನೀರಿನದೇ ಒಂದು ಕಂಬ ಬೆಳ್ಳಗೆ ಹೊಳೆಯುತ್ತ ನಿಂತಿತು. ಲೋಕವೆಲ್ಲ ಸುತ್ತಿದ್ದೇನೆ, ಅಂಥ ಮಳೆಯನ್ನು ಬೇರೆಲ್ಲೂ ಕಂಡಿಲ್ಲ. ಆಪಾ ಕೂಡ ಕೂಗಲಿಲ್ಲ.

ಸೆಕ್ರೆಟರಿ ಮಾತ್ರ ನಡೆಯುತ್ತ ಹೋಗಿ ಆ ಮಳೆಯಲ್ಲೇ ನಿಂತರು. ಕೋಟು ತೊಯ್ದು ಮುದ್ದೆಯಾಯಿತು. ಮುಖ ಮೇಲೆತ್ತಿದ್ದರು, ಕಣ್ಣಲ್ಲಿ ಇದ್ದದ್ದು ಮಳೆಯೋ ಅಳುವೋ ತಿಳಿಯದು. ಬಳಿಕ ಮಂಡಿಯೂರಿ, ನೀರು ಹರಿದುಹೋಗಲು ನೆಲದಲ್ಲಿ ಕೊರೆದ ಸಣ್ಣ ಸಣ್ಣ ತೂತುಗಳನ್ನು ಬೆರಳಿಟ್ಟು ನೋಡಿದರು.

“ಆಪಾ!” ಎಂದರು, ಮಂಡಿಯೂರಿದಲ್ಲಿಂದಲೇ. “ಕಟ್ಟುವಾಗಲೇ ಬಿಟ್ಟ ತೂತು! ಎರಡು ಸಾವಿರ ವರ್ಷ ಆಗ್ತಾ ಬಂತು, ಒಬ್ಬರೂ ಕಂಪ್ಲೇಂಟ್ ಕೊಟ್ಟಿಲ್ಲ!”

ಆಪಾ ಗೋಡೆಗುಂಟ ಇದ್ದ ರಾಜರ ಸಮಾಧಿಗಳ ಕಡೆ ಕೈ ತೋರಿಸಿದರು. “ಇಲ್ಲಿ ಇರೋರೆಲ್ಲ ಸತ್ತೋರ್ರೀ. ಹೆಂಗ ಕೊಡ್ತಾರ?”

೫. ಜೂನ್ ಮೀಟಿಂಗ್

ಮೀಟಿಂಗಿನ ದಿನ ಮುಂಬಯಿಯಲ್ಲಿ ಮಳೆ ಹುಚ್ಚೆದ್ದು ಸುರಿಯುತ್ತಿತ್ತು. ಸೆಕ್ರೆಟರಿ ಎದ್ದು ನಿಂತು ಲೆಕ್ಕಪತ್ರ ಬಿಟ್ಟು ರೋಮಿನಿಂದಲೇ ಶುರು ಮಾಡಿದರು. ಆ ಕಿಂಡಿ, ಆ ಬೆಳಕು, ಆ ನೀರಿನ ಕಂಬ. ಎಂತಹ ವರ್ಣನೆ! ಟೂರಿಗೆ ಬಾರದವರೂ ಉಸಿರು ಬಿಗಿಹಿಡಿದು ಕೇಳಿದರು. “ಮಾಳಿಗೆಯಿಂದ ನೀರು ಬೀಳುವುದು ಅವಮಾನ ಅಲ್ಲ ಮಾರಾಯ್ರೆ. ನೋಡುವ ಕಣ್ಣು ಬೇಕು,” ಎಂದು ಮುಗಿಸಿದಾಗ ಚಪ್ಪಾಳೆಯೂ ಬಿತ್ತು. ಹುದ್ದೆ ಉಳಿಯಿತು ಎಂದು ಅವರ ಮುಖ ಅರಳಿತು.

ಆಪಾ ಎದ್ದರು.

“ಸಾಹೇಬರನ್ನ ತಗೀಬ್ಯಾಡ್ರಿ,” ಎಂದರು. “ಅವರಿಗೆ ಮಳಿ ನೋಡೂ ಆಸೆ ಭಾಳ ಐತಿ. ಅದಕ್ಕ ರೋಮಿಗೆ ಮತ್ತ ಯಾಕ ಹೋಗಬೇಕು? ಈ ಮಳಿಗಾಲ ಮುಗಿಯೂತನಕ ಅವರು ನನ್ನ ಮನ್ಯಾಗ ಇರ್ಲಿ, ನಾ ಅವರ ಮನ್ಯಾಗ ಇರ್ತೀನಿ. ಇದು ನನ್ನ ಠರಾವು.”

“ಅನುಮೋದನೆ ಯಾರದು?” ಎಂದು ಅಧ್ಯಕ್ಷರು ಕೇಳಿದರು.

ಟೂರಿನುದ್ದಕ್ಕೂ ಬಾಯಿಬಿಡದಿದ್ದ ಸೆಕ್ರೆಟರಿಯ ಹೆಂಡತಿ ಹಿಂದಿನ ಸಾಲಿನಲ್ಲಿ ಕೈ ಎತ್ತಿದರು. ಸೆಕ್ರೆಟರಿ ಗಾಬರಿಯಿಂದ ತಿರುಗಿದರು. “ಎಂತ ನೀನು? ನಾವಿಬ್ಬರೂ ಆ ನೀರಲ್ಲಿ ಮಲಗುವುದಾ?”

“ನಾನು ಯಾಕೆ? ನನಗೆ ನೋಡುವ ಕಣ್ಣಿಲ್ಲ,” ಎಂದರು ಆಕೆ. “ನಾನು ಕೆಳಗೆ ಆಪಾ ಜೊತೆ ಇರ್ತೇನೆ. ನೀವು ಮೇಲೆ ಹೋಗಿ ನೋಡಿ.”

ಮರುದಿನ ಮಳೆ ಬಿಡುವು ಕೊಟ್ಟ ಕೂಡಲೇ ನಮ್ಮ ಟೆರೇಸಿನಲ್ಲಿ ಬಿರುಕು ಮುಚ್ಚುವ ಡಾಂಬರು ಕುದಿಯುತ್ತಿತ್ತು. ಪಂಚೆ ಎತ್ತಿ ಕಟ್ಟಿ ಅದನ್ನು ಸ್ವತಃ ಕಲಕುತ್ತಿದ್ದವರು ಸೆಕ್ರೆಟರಿ.