ಬೊಂತೆ ತೂಗುಹಾಕಿದ ತಪ್ಪಿಗೆ

ದರ್ಜಿಯ ಮಾತನ್ನು ನಂಬುವವರು ಈ ಪ್ರಪಂಚದಲ್ಲಿ ಒಬ್ಬರೂ ಇಲ್ಲ. ಇದನ್ನು ದೂರು ಅಂದುಕೊಳ್ಳಬೇಡಿ. ಕುಣಿಗಲ್ಲಿನಲ್ಲಿ ಬಹಳ ವರ್ಷ ಹೊಲಿಗೆ ಅಂಗಡಿ ಇಟ್ಟುಕೊಂಡಿದ್ದವನೊಬ್ಬನ ತಪ್ಪೊಪ್ಪಿಗೆ ಅಂತಲೇ ತಿಳಿಯಿರಿ. ಡಾಕ್ಟರು ಸುಳ್ಳು ಹೇಳಿದರೆ ರೋಗಿಗೆ ಧೈರ್ಯ ಬರುತ್ತದೆ. ವಕೀಲರು ಸುಳ್ಳು ಹೇಳಿದರೆ ಕಕ್ಷಿದಾರನಿಗೆ ಸಂತೋಷವಾಗುತ್ತದೆ. ದರ್ಜಿ ಸುಳ್ಳು ಹೇಳಿದರೆ ಮಾತ್ರ ಗಿರಾಕಿ ಬಂದು ಅಂಗಡಿಯ ಬೆಂಚಿನ ಮೇಲೆ ಕೂತುಬಿಡುತ್ತಾನೆ, ಏಳುವುದೇ ಇಲ್ಲ. "ಕಾಜ ಹಾಕೋದೊಂದು ಬಾಕಿ ಸ್ವಾಮಿ" ಅಂತ ನಾನು ಹೇಳಿದರೆ, ಬಟ್ಟೆಗೆ ಇನ್ನೂ ಕತ್ತರಿ ತಗಲಿಲ್ಲ ಅಂತ ಅರ್ಥ. "ಎರಡು ದಿನದಿಂದ ಕರೆಂಟಿಲ್ಲ, ಇಸ್ತ್ರಿ ಆಗಲಿಲ್ಲ" ಅಂತಲೂ ಹೇಳುತ್ತಿದ್ದೆ. ನಮ್ಮ ಇಸ್ತ್ರಿ ಪೆಟ್ಟಿಗೆ ಇದ್ದಲಿನದು, ಅದು ಗಿರಾಕಿಯ ಕಣ್ಣೆದುರಿಗೇ ಹೊಗೆಯಾಡುತ್ತಾ ಕೂತಿರುತ್ತಿತ್ತು. ಹಾಗಿದ್ದರೂ ಹೇಳುತ್ತಿದ್ದೆ. ನಾಲಿಗೆಗೆ ಅಭ್ಯಾಸವಾಗಿಹೋಗಿತ್ತು.

ಇವೆಲ್ಲಾ ಸಣ್ಣ ಸುಳ್ಳುಗಳು, ದೇವರು ಕೂಡ ಲೆಕ್ಕಕ್ಕೆ ಇಡುವುದಿಲ್ಲ. ದೊಡ್ಡ ಸುಳ್ಳು ಬೇರೆಯೇ ಇದೆ. ಹೊಲಿದ ಅಂಗಿಯನ್ನು ಕೈಗೆ ಕೊಟ್ಟ ತಕ್ಷಣ ಗಿರಾಕಿ ಅದನ್ನು ಬಿಚ್ಚಿ ನೋಡುವುದಿಲ್ಲ, ಮೈಗೆ ಹಿಡಿದು ನೋಡುವುದಿಲ್ಲ, ಮೊದಲು ಕೇಳುವ ಮಾತು "ಉಳಿದ ಬಟ್ಟೆ ಎಲ್ಲಪ್ಪಾ?" ಅಂತ. ಅದಕ್ಕೆ ನಾವು ಮುಖ ಸಣ್ಣದು ಮಾಡಿಕೊಂಡು, "ಉಳಿಯೋದಿರಲಿ ಸ್ವಾಮಿ, ಸಾಲದೇ ಬಂತು. ಹೆಂಗೋ ಹೊಂದಿಸಿಕೊಂಡೆ" ಅನ್ನಬೇಕು. ನನಗೆ ಕೆಲಸ ಕಲಿಸಿದ ತುಮಕೂರಿನ ಮೇಷ್ಟ್ರು ಟೇಪು ಹಿಡಿಯುವುದಕ್ಕಿಂತ ಮೊದಲು ಈ ಮಾತನ್ನೇ ಕಲಿಸಿದ್ದರು. ಅವರದೂ ಒಂದು ನ್ಯಾಯ ಇತ್ತು ಅನ್ನಿ. ಅಂಗೈಗಿಂತ ದೊಡ್ಡ ಚೂರು ಗಿರಾಕಿಯದು, ಅಂಗೈಯೊಳಗಿನದು ದರ್ಜಿಯದು. ಯಾರ ಅಂಗೈ ಅಂತ ನಾನು ಕೇಳಲಿಲ್ಲ. ಮೇಷ್ಟ್ರ ಅಂಗೈ ಮೊರದಗಲ ಇತ್ತು.

ಕದ್ದು ಸುಖಪಟ್ಟಿದ್ದರೆ ಒಂದು ಮಾತು. ಆ ಚೂರುಗಳಿಂದ ನನಗೆ ಮೂರು ಕಾಸಿನ ಉಪಯೋಗವಾಗಲಿಲ್ಲ. ಕಟಿಂಗ್ ಟೇಬಲಿನ ಕೆಳಗೆ ಗೋಣಿಚೀಲ ಇಟ್ಟಿದ್ದೆ. ಕತ್ತರಿಸುತ್ತಾ ಕತ್ತರಿಸುತ್ತಾ ಕಾಲಲ್ಲೇ ಚೂರುಗಳನ್ನು ಅದರೊಳಕ್ಕೆ ತಳ್ಳುತ್ತಿದ್ದೆ. ಒಂದು ಚೀಲ ತುಂಬಿದರೆ ಅದನ್ನು ಹಿಂದಕ್ಕೆ ಸರಿಸಿ ಇನ್ನೊಂದು ಇಡುತ್ತಿದ್ದೆ. ಹೀಗೆ ಹನ್ನೊಂದು ವರ್ಷದ ಕುಣಿಗಲ್ ತಾಲ್ಲೂಕು ನನ್ನ ಕಾಲ ಕೆಳಗೆ ಬಿದ್ದಿತ್ತು. ಬೆಲ್‌ಬಾಟಂ ಬಂದದ್ದು ಹೋದದ್ದು, ಉದ್ದನೆಯ ಕಾಲರು, ಸಫಾರಿ, ಎಲ್ಲ ಅದರೊಳಗೇ ಇದ್ದವು.

ಎಂಬತ್ತರ ದಶಕ ಶುರುವಾದ ಹೊಸತರಲ್ಲಿ ನಮ್ಮ ಎದುರಿಗೇ ಒಂದು ರೆಡಿಮೇಡ್ ಅಂಗಡಿ ಬಂತು. ಅಲ್ಲಿ ಅಳತೆ ಕೊಡಬೇಕಿಲ್ಲ, ನಾಳೆ ಬನ್ನಿ ಅನ್ನುವವರಿಲ್ಲ, ಉಳಿದ ಬಟ್ಟೆಯ ತಕರಾರಿಲ್ಲ. ಜನ ಒಳಗೆ ಹೋಗಿ ಅಂಗಿ ತೊಟ್ಟುಕೊಂಡೇ ಹೊರಗೆ ಬರುತ್ತಿದ್ದರು. ನಾನು ಮಿಷನ್ನಿನ ಮುಂದೆ ಕೂತು ಅದನ್ನೇ ನೋಡುತ್ತಿದ್ದೆ. ಗೌರಿ ಹಬ್ಬ ಹತ್ತಿರ ಬಂದರೂ ನನಗೆ ಸುಳ್ಳು ಹೇಳುವ ಸಂದರ್ಭವೇ ಬರಲಿಲ್ಲ ಅಂದರೆ ನನ್ನ ಸ್ಥಿತಿ ನೀವೇ ಊಹಿಸಿ.

ಆಗ ನನ್ನ ಹೆಂಡತಿ ಗೌರಿ ಒಂದು ದಾರಿ ಹೇಳಿದಳು. ಅವಳ ತವರು ಗುಬ್ಬಿ. ಅವಳ ಅಜ್ಜಿ ಹಳೇ ಸೀರೆ, ಪಂಚೆಗಳನ್ನು ಒಂದರ ಮೇಲೊಂದು ಹಾಕಿ, ಮೇಲೆ ಚೂರು ಬಟ್ಟೆ ಜೋಡಿಸಿ, ಒತ್ತೊತ್ತಾಗಿ ದಾರ ಓಡಿಸಿ ಬೊಂತೆ ಹೊಲಿಯುತ್ತಿದ್ದರಂತೆ. "ಅಲ್ಲಾ ಕಣ್ರೀ, ಅಂಗಿ ರೆಡಿಮೇಡ್ ಬರಬಹುದು, ಬೊಂತೆ ಬರುತ್ತಾ? ನಾನು ಹೊಲೀತೀನಿ, ಅಂಗಡಿ ಮುಂದೆ ತೂಗುಹಾಕಿ. ಜನ ನೋಡಿ ಕೇಳ್ಕೊಂಡು ಬರ್ತಾರೆ" ಅಂದಳು. ಚೀಲಗಳನ್ನು ಸುರುವಿಕೊಂಡು, ಬೆಳಗಿನಿಂದ ಸಂಜೆಯ ತನಕ ಕೂತು, ಹದಿನೈದು ದಿನದಲ್ಲಿ ಮುಗಿಸಿದಳು. ಸುಳ್ಳು ಹೇಳಬಾರದು, ಏನು ಚೆಂದ ಇತ್ತು ಅಂತೀರಿ! ಕೆಂಪು, ಹಸಿರು, ಗೆರೆ, ಚೌಕಳಿ, ಹೂವು, ಒಂದೊಂದು ಚೂರೂ ಅಂಗೈಯಗಲ. ನಾನು ಹಿಗ್ಗಿ ಹೋದೆ.

ಈಗ ನೀವು ನಗುತ್ತಿದ್ದೀರಿ. ನಿಮಗೆ ಆಗಲೇ ಗೊತ್ತಾಗಿದೆ. ನನಗೆ ಗೊತ್ತಾಗಲಿಲ್ಲವಲ್ಲ! ಅಳತೆಯಲ್ಲಿ ಕಾಲಂಗುಲ ತಪ್ಪದ ಈ ತಲೆಗೆ, ಕದ್ದ ಮಾಲನ್ನೆಲ್ಲ ಒಂದೇ ಕಡೆ ಹೊಲಿಸಿ ಕದ್ದ ಜಾಗದಲ್ಲೇ ತೂಗುಹಾಕುತ್ತಿದ್ದೇನೆ ಅನ್ನುವುದು ಹೊಳೆಯಲೇ ಇಲ್ಲ. ಅದೂ ಯಾವತ್ತು? ಸಂತೆಯ ದಿನ! ಸುತ್ತಮುತ್ತಲ ಹಳ್ಳಿಯವರೆಲ್ಲ ನಮ್ಮ ಬೀದಿಯಲ್ಲೇ ಹಾದುಹೋಗುವ ದಿನ ನೋಡಿ, ಎರಡು ಮೊಳೆ ಹೊಡೆದು, ಹಗ್ಗ ಕಟ್ಟಿ, ಬೊಂತೆ ಹರವಿ, ಪಕ್ಕದಲ್ಲಿ ನಗುತ್ತಾ ನಿಂತೆ.

ಮೊದಲು ನಿಂತವರು ತಾಲ್ಲೂಕು ಕಚೇರಿಯ ಗುಮಾಸ್ತರು ರಂಗರಾಯರು. ಕನ್ನಡಕ ಮೇಲೇರಿಸಿ, ಪಹಣಿ ನೋಡುವ ಹಾಗೆ ಎಡದಿಂದ ಬಲಕ್ಕೆ ನೋಡಿಕೊಂಡು ಬಂದರು. ಬೆಲೆ ಕೇಳುತ್ತಾರೆ ಅಂತ ನಾನು ಕಾಯುತ್ತಿದ್ದೆ. ಅವರ ಬೆರಳು ಒಂದು ಬೂದು ಚೂರಿನ ಮೇಲೆ ನಿಂತಿತು.

"ಇದು ನನ್ನ ಸಫಾರಿ ಅಲ್ಲವೇನಯ್ಯಾ?" ಅಂದರು.

"ಎಷ್ಟೋ ಜನದ್ದು ಅದೇ ಬಣ್ಣ ಇರುತ್ತೆ ಸ್ವಾಮಿ" ಅಂದೆ.

"ಬಟ್ಟೆ ಸಾಲಲಿಲ್ಲ ಅಂತ ನನಗೆ ಒಂದೇ ಜೇಬು ಇಟ್ಟೆಯಲ್ಲಯ್ಯಾ! ಮೂರು ವರ್ಷದಿಂದ ಕನ್ನಡಕಾನೂ ಪೆನ್ನೂ ಒಂದರಲ್ಲೇ ತುರುಕಿಕೊಂಡು ಓಡಾಡ್ತಿದೀನಿ. ನನ್ನ ಇನ್ನೊಂದು ಜೇಬು ಇಲ್ಲಿದೆ!"

ರಾಯರ ಗಂಟಲು ದೊಡ್ಡದು. ಅಮೃತೂರಿನ ಕೊಬ್ಬರಿ ವ್ಯಾಪಾರಿ ಚನ್ನಬಸಪ್ಪನವರು ಅದನ್ನು ಕೇಳಿ ನಿಂತರು. ಅವರಿಗೆ ಬೊಂತೆಯ ಮಧ್ಯದಲ್ಲೇ ಮಗಳ ಮದುವೆಗೆ ಹೊಲಿಸಿದ ರೇಷ್ಮೆ ಜುಬ್ಬ ಕಾಣಿಸಿತು. ಒಂದಲ್ಲ, ನಾಲ್ಕು ಕಡೆ. "ಏನ್ಲಾ ಇದು! ಮೊಣಕಾಲು ಮುಚ್ಚಂಗೆ ಹೊಲಿ ಅಂದ್ರೆ ಸೊಂಟಕ್ಕೆ ನಿಲ್ಲಿಸ್ದೆ. ಬೀಗರ ಮುಂದೆ ನನ್ ಮಾನ ಹೋಯ್ತು" ಅಂತ ಕೂಗಿದರು. ಅಷ್ಟೇ ಸಾಕಾಯಿತು. ಎಸ್ಸೆಸ್ಸೆಲ್ಸಿ ರಿಸಲ್ಟ್ ಹಚ್ಚಿದ ಗೋಡೆಗೆ ಮುತ್ತಿಕೊಳ್ಳುವ ಹಾಗೆ ಜನ ಮುತ್ತಿಕೊಂಡರು. ತಮ್ಮ ಚೂರು ಸಿಕ್ಕಿದವರು ಬೆರಳಿಟ್ಟು ತೋರಿಸುತ್ತಾರೆ, ಸಿಗದವರು ಬಗ್ಗಿ ಬಗ್ಗಿ ಹುಡುಕುತ್ತಾರೆ. ನಾನು ಹಗ್ಗ ಬಿಚ್ಚಲು ಹೋದರೆ, "ಇರಯ್ಯಾ, ನಂದಿನ್ನೂ ಸಿಕ್ಕಿಲ್ಲ" ಅಂತ ಕೈ ಹಿಡಿದುಕೊಂಡರು. ಜನ್ಮದಲ್ಲಿ ನನ್ನ ಅಂಗಡಿಗೆ ಕಾಲಿಡದವನೊಬ್ಬ ಎರಡು ಚೂರು ತನ್ನವೇ ಅಂತ ಆಣೆ ಇಟ್ಟ. ಅದನ್ನೂ ಜನ ನಂಬಿದರು. ನನ್ನನ್ನು ಬಿಟ್ಟು ಎಲ್ಲರನ್ನೂ ನಂಬಿದರು.

ಗಲಾಟೆ ಕೇಳಿ ಗೌರಿ ಹೊರಗೆ ಬಂದಳು. ತನ್ನ ಕೆಲಸವನ್ನು ಹೊಗಳುತ್ತಿದ್ದಾರೆ ಅಂದುಕೊಂಡು ನಗುತ್ತಲೇ ಬಂದವಳು, ಎರಡು ನಿಮಿಷ ಕೇಳಿಸಿಕೊಂಡಳು. ಆಮೇಲೆ ನನ್ನ ಕಡೆ ತಿರುಗಿ, "ಇವೆಲ್ಲಾ ಗಿರಾಕಿಗಳೇ ಬಿಟ್ಟು ಹೋದದ್ದು ಅಂದಿದ್ರಿ" ಅಂದಳು. ಭೂಮಿ ಬಾಯಿ ಬಿಟ್ಟಿದ್ದರೆ ಟೇಪು ಕತ್ತರಿ ಸಮೇತ ಇಳಿದುಬಿಡುತ್ತಿದ್ದೆ.

ಆ ಗುಂಪನ್ನು ಸರಿಸಿಕೊಂಡು ಮುಂದೆ ಬಂದವರು ಕೆಂಪಮ್ಮ. ಅಮೃತೂರಿನ ಹತ್ತಿರದ ಹಳ್ಳಿಯವರು, ವಯಸ್ಸಾದವರು. ಎರಡು ವರ್ಷದ ಹಿಂದೆ ಮಗ ಶಿವಣ್ಣನನ್ನು ಕರೆದುಕೊಂಡು ಬಂದು, ಇಂಟರ್‌ವ್ಯೂಗೆ ಹಾಕಿಕೊಂಡು ಹೋಗಲು ಒಂದು ನೀಲಿ ಚೌಕಳಿ ಅಂಗಿ ಹೊಲಿಸಿದ್ದರು. ತುಂಬು ತೋಳಿನದು ಬೇಕು ಅಂತ ಹುಡುಗ ಎರಡೆರಡು ಸಲ ಹೇಳಿದ್ದ. ನನಗೆ ಹಬ್ಬದ ಕೆಲಸ ತಲೆಯ ಮೇಲಿತ್ತು. ತುಂಬು ತೋಳು ಅಂದರೆ ಕಫ್ ಇಡಬೇಕು, ಪಟ್ಟಿ ಇಡಬೇಕು, ಅರ್ಧ ದಿನದ ಕೆಲಸ. ಅರ್ಧ ತೋಳು ಹೊಲಿದು, "ಬಟ್ಟೆ ಸಾಲಲಿಲ್ಲ ಕಣಪ್ಪ" ಅಂದುಬಿಟ್ಟಿದ್ದೆ. ಅವನು ಅದನ್ನೇ ತೆಗೆದುಕೊಂಡು ಹೋಗಿದ್ದ. ಈಗ ಆ ನೀಲಿ ಚೌಕಳಿ ಬೊಂತೆಯ ಅಂಚಿನಲ್ಲಿ ಒಂದೇ ಸಾಲಿಗೆ ಮೂರು ಕಡೆ ಕಾಣುತ್ತಿತ್ತು. ಕೆಂಪಮ್ಮ ಅದರ ಮುಂದೆಯೇ ನಿಂತರು.

"ಟೈಲರಪ್ಪ, ಇದು ನಮ್ ಶಿವಣ್ಣಂದಲ್ವೇನಪ್ಪ?"

ಆ ಹೊತ್ತಿಗೆ ನನಗೆ ಸುಳ್ಳು ಹೇಳುವ ತ್ರಾಣವೂ ಉಳಿದಿರಲಿಲ್ಲ. "ಹೂಂ ಕಣಮ್ಮ, ಅವನದೇ. ತಪ್ಪಾಯ್ತು" ಅಂದೆ.

"ಉಳ್ದಿತ್ತಾ ಹಂಗಾರೆ?" ಅಂತ ಆಕೆ ಆ ಚೂರನ್ನು ಸವರಿದರು. "ಒಳ್ಳೇದಾಯ್ತು ಬುಡಪ್ಪ. ಸಂಕ್ರಾಂತಿ ಆದ್ಮೇಲೆ ಕಾಮಾಲೆ ಬಂದು ಹೋಗ್ಬುಟ್ಟ ನನ್ ಮಗ. ಅವನ ಬಟ್ಟೆ ಬರೆ ಎಲ್ಲಾನೂ ಅವನ ಜೊತೇಲೇ ಕಳಿಸ್ಬುಟ್ರು. ನಂಗೆ ಗ್ಯಾನ ಇರ್ನಿಲ್ಲ, ಒಂದು ಅಂಗಿ ಎತ್ತಿಟ್ಕಳ್ನಿಲ್ಲ. ನೀನಾರೂ ಎತ್ತಿಟ್ಟಿದ್ಯಲ್ಲ, ನಿನ್ ಹೊಟ್ಟೆ ತಣ್ಣಗಿರ್ಲಿ."

ಅಷ್ಟು ಹೊತ್ತು ನನ್ನನ್ನು ಬೈಯುತ್ತಿದ್ದ ಗುಂಪು ಕರಗತೊಡಗಿತು. ರಂಗರಾಯರು ಕನ್ನಡಕ ತೆಗೆದು ಒರೆಸಿಕೊಂಡು ಕಚೇರಿಯ ಕಡೆ ಹೋದರು. ಚನ್ನಬಸಪ್ಪನವರೂ ಜುಬ್ಬದ ಮಾತು ಬಿಟ್ಟರು. ಗೌರಿ ಬೊಂತೆಯನ್ನು ಇಳಿಸಿ, ತಾನು ಒತ್ತೊತ್ತಾಗಿ ಹಾಕಿದ್ದ ದಾರವನ್ನು ಬ್ಲೇಡಿನಲ್ಲಿ ಒಂದೊಂದಾಗಿ ಬಿಚ್ಚಿ, ಮೂರು ಚೂರನ್ನೂ ಬಿಡಿಸಿ ಆಕೆಯ ಕೈಗೆ ಇಟ್ಟಳು. ಬೈಸಿಕೊಂಡಾಗ ನನಗೆ ಅಷ್ಟೇನೂ ಆಗಿರಲಿಲ್ಲ. ಈ ಆಶೀರ್ವಾದ ಮಾತ್ರ ತಡೆಯಲಾಗಲಿಲ್ಲ.

ಇಷ್ಟಕ್ಕೇ ಮುಗಿದಿದ್ದರೆ ನಾನು ಹೇಗೋ ಬದುಕಿಕೊಳ್ಳುತ್ತಿದ್ದೆ. ಕೆಂಪಮ್ಮ ಚೂರುಗಳನ್ನು ಸೆರಗಿನ ತುದಿಗೆ ಕಟ್ಟಿಕೊಂಡು, "ಎರಡು ತೋಳಿಗೆ ಆಗೋವಷ್ಟು ಬಟ್ಟೆ ಅಲ್ವೇನಪ್ಪ, ಇನ್ನೂ ಇರ್ಬೇಕಲ್ಲ?" ಅಂತ ಕೇಳಿದರು.

"ಇಲ್ಲ ಕಣಮ್ಮ, ಇಷ್ಟೇ ಉಳಿದದ್ದು" ಅಂದೆ.

ಆಕೆ ನನ್ನ ಮುಖ ನೋಡಿದರು. ಆ ನೋಟ ನನಗೆ ಚೆನ್ನಾಗಿ ಗೊತ್ತು, ಹನ್ನೊಂದು ವರ್ಷದಿಂದ ಗಿರಾಕಿಗಳೆಲ್ಲ ನನ್ನನ್ನು ಹಾಗೇ ನೋಡಿದ್ದಾರೆ. "ಹುಡುಕಿಡಪ್ಪ, ಬರೋ ಸಂತೆಗೆ ಬತ್ತೀನಿ" ಅಂದು ಹೊರಟರು.

ಹುಡುಕಿದೆ. ಚೀಲಗಳನ್ನು ಬುಡಮೇಲು ಮಾಡಿದೆ. ಕಡೆಗೆ ಮಿಷನ್ನಿನ ಡ್ರಾಯರಿನಲ್ಲಿ, ಎಣ್ಣೆ ಬಿಟ್ಟಾಗ ಒರೆಸಲು ಇಟ್ಟುಕೊಂಡಿದ್ದ ಕರೀ ಬಟ್ಟೆಯ ಮೂಲೆಯಲ್ಲಿ ಒಂದು ನೀಲಿ ಗೆರೆ ಕಂಡಿತು. ಒಂದು ಇಡೀ ತೋಳಿಗೆ ಆಗುವಷ್ಟು ಬಟ್ಟೆ! ಎರಡು ವರ್ಷದಿಂದ ಅದರಲ್ಲೇ ಎಣ್ಣೆ ಒರೆಸಿದ್ದೆ. ಗೌರಿ ಅದನ್ನು ಸೀಗೆಪುಡಿ, ಸೋಪು, ಬಿಸಿನೀರು ಎಲ್ಲಾ ಹಾಕಿ ಉಜ್ಜಿದಳು. ಕೊಳೆ ಬಿಡಲಿಲ್ಲ, ಬಟ್ಟೆಯೇ ಎಳೆ ಎಳೆಯಾಗಿ ಅವಳ ಕೈಯಲ್ಲಿ ಉಳಿಯಿತು. "ಇದನ್ನ ಆಯಮ್ಮಂಗೆ ಹೆಂಗ್ರೀ ತೋರ್ಸೋದು?" ಅಂದಳು. ತೋರಿಸುವುದೇ ಬೇಡ ಅಂತ ನಾನು ಅದನ್ನು ಮತ್ತೆ ಡ್ರಾಯರಿಗೆ ತಳ್ಳಿದೆ.

ಕೆಂಪಮ್ಮ ಮುಂದಿನ ಸಂತೆಗೆ ಬಂದರು. ಅದರ ಮುಂದಿನದಕ್ಕೂ ಬಂದರು. ಜಗಳವಿಲ್ಲ, ಜೋರಿಲ್ಲ. ಅಮೃತೂರಿನ ಬಸ್ಸು ಇಳಿದು ಬಂದು, ಬೆಂಚಿನ ಮೇಲೆ ಕೂತು, ಗೌರಿ ಕೊಟ್ಟ ನೀರು ಕುಡಿದು, "ಸಿಕ್ತೇನಪ್ಪ?" ಅನ್ನುವರು. "ಇಲ್ಲ ಕಣಮ್ಮ" ಅಂದರೆ, "ಇರ್ತದೆ, ನೋಡು" ಅಂದು ಎದ್ದು ಹೋಗುವರು. ಉಳಿದ ಗಿರಾಕಿಗಳೂ ಜಾಣರಾಗಿದ್ದರು. ಬಂದ ನಾಲ್ಕಾರು ಜನ ನಾನು ಕತ್ತರಿಸುವಾಗ ಪಕ್ಕದಲ್ಲೇ ನಿಂತು, ಬಿದ್ದ ಚೂರನ್ನೆಲ್ಲ ಆಯ್ದು ಜೇಬಿಗೆ ಹಾಕಿಕೊಳ್ಳುತ್ತಿದ್ದರು. ಅವರ ಮುಂದೆ ನನಗೆ ನಾಚಿಕೆಯಾಗಲಿಲ್ಲ. ಸಂತೆಯ ದಿನ ಹತ್ತಿರ ಬಂದರೆ ಮಾತ್ರ ಊಟ ಸೇರುತ್ತಿರಲಿಲ್ಲ.

ಕೊನೆಗೆ ಒಂದು ದಿನ ಅಂಗಡಿಗೆ ಬೀಗ ಹಾಕಿ ತುಮಕೂರಿನ ಬಸ್ಸು ಹತ್ತಿದೆ. ಪೇಟೆಯ ಜವಳಿ ಅಂಗಡಿಗಳನ್ನು ಒಂದೂ ಬಿಡದೆ ಹತ್ತಿ ಇಳಿದೆ. "ಎರಡು ವರ್ಷದ ಹಿಂದಿನ ಡಿಸೈನ್ ಈಗ ಕೇಳ್ತಾ ಇದೀರಲ್ಲ ಸ್ವಾಮಿ!" ಅಂತ ಎಲ್ಲರೂ ನಕ್ಕರು. ಮಧ್ಯಾಹ್ನದ ಮೇಲೆ ಊರಂಚಿನ ಬಟವಾಡಿಯ ಒಂದು ಸಣ್ಣ ಅಂಗಡಿಯಲ್ಲಿ, ಎಲ್ಲದರ ಅಡಿಯಲ್ಲಿ, ನೀಲಿ ಚೌಕಳಿ ಬಟ್ಟೆಯ ಒಂದು ಥಾನು ಸಿಕ್ಕಿತು. ಅದೇ ನೀಲಿ, ಅದೇ ಅಳತೆಯ ಚೌಕಳಿ. ಹೊಲಿಗೆಯಲ್ಲೇ ತಲೆ ನರೆತ ನನಗೇ ವ್ಯತ್ಯಾಸ ಕಾಣಲಿಲ್ಲ. ಒಂದು ಅಂಗಿಗಾಗುವಷ್ಟು ಹರಿಸಿಕೊಂಡೆ. ಮನೆಗೆ ಬಂದು ಎರಡು ತೋಳಿನಷ್ಟು ಕತ್ತರಿಸಿ, ನಾಲ್ಕು ಸಲ ಒಗೆದು ಒಣಗಿಸಿ, ಹಳೇ ಬಟ್ಟೆಗಳ ನಡುವೆ ಒತ್ತಿಟ್ಟೆ. ಇದೊಂದು ಸುಳ್ಳು ನಂಬಲಪ್ಪಾ, ಆಮೇಲೆ ಜನ್ಮದಲ್ಲಿ ಸುಳ್ಳು ಹೇಳುವುದಿಲ್ಲ ಅಂತ ದೇವರಿಗೆ ಕೈಮುಗಿದೆ.

ಸಂತೆಯ ದಿನ ಕೆಂಪಮ್ಮ ಬಂದು ಬೆಂಚಿನ ಮೇಲೆ ಕೂತರು. "ಸಿಕ್ತು ಕಣಮ್ಮ! ಹಿಂದಿನ ಚೀಲದಲ್ಲಿತ್ತು" ಅಂತ ಬಟ್ಟೆ ಕೊಟ್ಟೆ. ಆಕೆ ಅದನ್ನು ತೊಡೆಯ ಮೇಲೆ ಹರವಿಕೊಂಡರು. ಸೆರಗಿನ ಗಂಟು ಬಿಚ್ಚಿ ಹಳೇ ಚೂರು ತೆಗೆದು ಪಕ್ಕದಲ್ಲಿಟ್ಟರು. ಎರಡನ್ನೂ ಕಣ್ಣಿಂದ ನೋಡಲಿಲ್ಲ, ಹೆಬ್ಬೆರಳಿನಲ್ಲಿ ತಿಕ್ಕಿ ನೋಡಿದರು. ಒಂದನ್ನು, ಆಮೇಲೆ ಇನ್ನೊಂದನ್ನು. ಬಹಳ ಹೊತ್ತು. ಆಮೇಲೆ ನಾನು ತಂದದ್ದನ್ನು ನೀಟಾಗಿ ಮಡಿಸಿ ನನ್ನ ಕೈಗೇ ಕೊಟ್ಟರು.

"ಇದು ನೀನು ಕದ್ದಿದ್ದಲ್ಲ ಬುಡಪ್ಪ" ಅಂದರು. "ಕೊಂಡ್ಕೊಂಡು ಬಂದಿದ್ದು."

ಬೈಗುಳದ ದನಿಯಲ್ಲ, ಸಮಾಧಾನ ಹೇಳುವ ದನಿ. ಆಮೇಲೆ ಆಕೆ ಯಾವ ಸಂತೆಗೂ ಬರಲಿಲ್ಲ. ನನ್ನ ಕೈಯಲ್ಲಿದ್ದ ಬಟ್ಟೆಯನ್ನು ನೋಡಿ, ಇದು ಕದ್ದದ್ದಲ್ಲ ಅಂತ ಒಬ್ಬರು ಬಾಯಿಬಿಟ್ಟು ಹೇಳಿದ್ದು ನನ್ನ ಇಡೀ ಜೀವಮಾನದಲ್ಲಿ ಅದೊಂದೇ ಸಲ. ಅಷ್ಟು ವರ್ಷ ಗಿರಾಕಿಗಳ ಬಾಯಿಂದ ಆ ಮಾತು ಕೇಳಬೇಕು ಅಂತ ಎಷ್ಟು ಆಸೆಪಟ್ಟಿದ್ದೆ! ಕೇಳಿದ ಮೇಲೆ ಮಿಷನ್ನಿನ ಮೇಲೆ ತಲೆಯಿಟ್ಟು ಅತ್ತುಬಿಟ್ಟೆ.